ಅಪವಾದ

‘ಅವನ ಮೇಲೆ ಅಪವಾದ ಬಂತು’ ಎಂದರೆ ನಿಂದೆ. ‘ಈ ಮಾತಿಗೆ ಅಪವಾದವೂ ಉಂಟು’ ಎಂದರೆ ನಿಯಮಕ್ಕೆ ಒಗ್ಗದ್ದು. ‘ಹೇಳು’ ಎಂಬರ್ಥದ ಸಂಸ್ಕೃತದ ‘ವದ್’ ಧಾತುವಿಗೆ ‘ಅಪ’ ಸೇರಿ ಆದ ಪದವಿದು. ವ್ಯಾಕರಣದಲ್ಲಿ ಸಾಮಾನ್ಯ ನಿಯಮ ಉತ್ಸರ್ಗ, ಅದನ್ನು ಬದಿಗೆ ಸರಿಸುವ ವಿಶೇಷ ನಿಯಮ ಅಪವಾದ. ಕೊಯಮತ್ತೂರು ಸೀಮೆಯ ಕುರಿಚಿಯಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎನ್ನುವ ಹುಡುಗನಿಗೆ ಈ ಎರಡನೆಯ ಅರ್ಥಕ್ಕೆ ಸಿಗುವ ಪದ ‘ವಿದಿವಿಲಕ್ಕು’. ಅದರಲ್ಲಿ ನಿಂದೆಯ ಸೋಂಕಿಲ್ಲ. ಅದರ ‘ವಿದಿ’ ಸಂಸ್ಕೃತದ ‘ವಿಧಿ’ಯೇ ಆದರೂ ಚೊಕ್ಕ ಪದ, ಒಪ್ಪಬೇಕು.

ಆದರೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ನಮ್ಮ ಪದದ ಎರಡೂ ಅರ್ಥ ಕೆಲಸಕ್ಕೆ ಬರುತ್ತವೆ. 5 ಮನೆಗಳ ಅರೇಯಲ್ಲಿ ಎಣಿಕೆ 0ಯಿಂದ 4ರವರೆಗೆ. 5 ಎಂಬ ಸಂಖ್ಯೆಯ ಮನೆ ಕೇಳಿದರೆ ಜಾವಾ ಎಕ್ಸೆಪ್ಶನ್, ಅಂದರೆ ಅಪವಾದ, ಎಸೆಯುತ್ತದೆ. ಹಿಡಿಯುವ ‘ಕ್ಯಾಚ್’ ಎಲ್ಲೂ ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. ಹೊಸಬರು ಕೂಡಲೇ ಖಾಲಿ ಕ್ಯಾಚ್ ಬರೆದು ದೋಷ ಮುಚ್ಚುತ್ತಾರೆ. ಫೈಲು ಸಿಗದಿದ್ದರೆ, ನೆಟ್‌ವರ್ಕ್ ಕಡಿದರೆ ಹಿಡಿಯುವುದು ಸರಿ, ಅದು ನಿಜಕ್ಕೂ ನಿಯಮದಾಚೆಯ ಸಂಗತಿ. ಅರೇಯ ಗಡಿ ದಾಟಿದ್ದು ಮಾತ್ರ ಬರೆದವರದೇ ತಪ್ಪು: ಅನೇಕ ಸಲ ಲೂಪಿನಲ್ಲಿ ‘ಕಡಿಮೆ’ ಇರಬೇಕಾದಲ್ಲಿ ‘ಕಡಿಮೆ ಅಥವಾ ಸಮ’ ಬಿದ್ದಿರುತ್ತದೆ. ಆ ಅಪವಾದವನ್ನು ಅವರೇ ಹೊರಬೇಕು.