ಸಿಂದಿಯ ಹೆಸರಿನಲ್ಲಿ ಮರೆತ ಬೆಲ್ಲ

ಈಚಲ ಗಿಡ ಅಂದರೆ ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ನಮಗೆ ನೆನಪಾಗುವುದು ಸಿಂದಿ, ಚಾಪೆ, ಕಸಬರಿಗೆ. ಅದರ ರಸದಿಂದ ಬೆಲ್ಲವೂ ಆಗುತ್ತದೆ ಎಂಬುದು ನೆನಪಾಗುವುದಿಲ್ಲ. ಇದಕ್ಕೆ ಹಳೆಯ ಕಾನೂನುಗಳೂ ಒಂದು ಕಾರಣ.

1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿನ 1878ರ ಅಬಕಾರಿ ಕಾಯ್ದೆ ಸಿಂದಿ ಇಳಿಸಲು ಪರವಾನಗಿ ಕೇಳಿತು, ಗಿಡದ ಮೇಲೆ ತೆರಿಗೆ ಹಾಕಿತು. 1949ರಲ್ಲಿ ಪಾನನಿರೋಧ ಕಾಯ್ದೆ ಬಂತು. ಸರಕಾರಿ ಕಡತದಲ್ಲಿ ಈಚಲು ಎಂದರೆ ಹೆಂಡದ ಗಿಡ ಎಂದಾಯಿತು.

ಗಾಂಧೀಜಿ ಅದೇ ಗಿಡದಲ್ಲಿ ಬಡವರ ಬೆಲ್ಲ ಕಂಡರು. 1934ರಲ್ಲಿ ವಾರ್ಧಾದಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಈ ಕೆಲಸ ಕೈಗೆತ್ತಿಕೊಂಡಿತು. ಗಜಾನನ ನಾಯಕರು ಅದಕ್ಕಾಗಿ ದುಡಿದರು. ಗಡಿಗೆಯ ಒಳಗೆ ಸುಣ್ಣ ಬಳಿದರೆ ರಸ ಬೇಗ ಹುಳಿಯಾಗದು. ಬೆಳಗ್ಗೆ ಇಳಿಸಿದ ಸುಮಾರು 10 ಲೀಟರ್ ರಸ ಕುದಿಸಿದರೆ 1 ಕಿಲೋ ಬೆಲ್ಲ. ಒಣಗಿದ ಗರಿ ಒಲೆಗೆ, ಬೂದಿ ಹೊಲಕ್ಕೆ, ಎಲೆ ಚಾಪೆಗೆ. ಆದರೆ ಉರುವಲಿಗೆ ಬೇರೆ ಗಿಡ ಕಡಿದರೆ ಈ ಲೆಕ್ಕ ತಪ್ಪುತ್ತದೆ.

ಇವತ್ತಿಗೂ ಪರವಾನಗಿ ಇಲ್ಲದೆ ರಸ ಇಳಿಸುವಂತಿಲ್ಲ. ಗಿಡ ಉಳಿಸಿಕೊಳ್ಳಲು ಮಾತ್ರ ಯಾರ ಅಪ್ಪಣೆಯೂ ಬೇಡ. ಹಳ್ಳದ ದಂಡೆ, ಹೊಲದ ಬದು ಹಸನು ಮಾಡುವಾಗ ಈಚಲಿಗೆ ಕೊಡಲಿ ಎತ್ತುವ ಮುನ್ನ ಇಷ್ಟು ಯೋಚಿಸೋಣ.