ಯಾವ ಮೇಳ? ಮಂದಾರ್ತಿ!

ಕಳಸದ ಕಡೆಯ ನಮ್ಮ ಸಂಗೀತ ಪಾಠಕ್ಕೆ ಮೂರು ಬಗೆಯ ರಜೆ ಇತ್ತು: ಕಾಫಿ ಕುಯ್ಲಿನ ರಜೆ, ಊರಲ್ಲಿ ಯಕ್ಷಗಾನ ಆಟವಾದ ಮಾರನೆಯ ದಿನದ ರಜೆ, ಹೆಬ್ಬಾಳೆ ಸೇತುವೆ ಮುಳುಗಿದ ರಜೆ. ಭದ್ರೆ ಉಕ್ಕಿ ಆ ತಗ್ಗು ಸೇತುವೆಯ ಮೇಲೆ ಹರಿದಳೆಂದರೆ ಹೊರನಾಡು ಕಡೆಯ ಮಕ್ಕಳು ಬರುವಂತಿಲ್ಲ. ‘ಅವರನ್ನು ಬಿಟ್ಟು ಪಾಠ ಮುಂದೆ ಹೋದರೆ ಪಾಪ’ ಎಂದು ಈಚೆ ದಡದ ನಾವು ಬಹಳ ಮರುಗುತ್ತಿದ್ದೆವು.

ಎಂಬತ್ತರ ದಶಕದ ಮಾತು. ವಾರಕ್ಕೊಮ್ಮೆ ಕೊಟ್ಟಿಗೆಹಾರ ದಾಟಿ ಬರುವ ಬಸ್ಸಿನಿಂದ ಮೇಷ್ಟ್ರು ಇಳಿಯುತ್ತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತಿದಿಯ ಶ್ರುತಿಪೆಟ್ಟಿಗೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರ ಸುಮಾರಿಗೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಯಾರಿಸಿದ್ದರು. ಆದರೆ ಆಷಾಢದಲ್ಲಿ ಕರೆಂಟು ನೆಂಟರಂತೆ ಬಂದು ಹೋಗುವ ಊರಿಗೆ ತಿದಿಯೇ ಗತಿ. ಅದನ್ನು ಒತ್ತುವ ಕೆಲಸ ನಮ್ಮಲ್ಲಿ ಸರದಿಯ ಮೇಲೆ. ಒತ್ತುವವನಿಗೆ ಜೋಂಪು ಹತ್ತಿದರೆ ಷಡ್ಜವೂ ತೂಕಡಿಸುತ್ತಿತ್ತು.

ಪಾಠ ಮಾತ್ರ ಹಂಪಿಯ ಕಾಲದ್ದು. ಸರಳೆ, ಜಂಟಿ, ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ ಎಂಬ ಈ ಮೆಟ್ಟಿಲುಗಳನ್ನು ಕಟ್ಟಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ. ಮೊದಲ ಪಾಠಕ್ಕೆ ಮಾಯಾಮಾಳವಗೌಳವೇ ಏಕೆ? ಸ-ರಿ-ಗ-ಮ ನಡುವೆ ಎಷ್ಟೆಷ್ಟು ಅಂತರವೋ ಪ-ದ-ನಿ-ಸ ನಡುವೆಯೂ ಅಷ್ಟಷ್ಟೇ. ಕೆಳಗಿನ ಅರ್ಧ ಗಂಟಲಲ್ಲಿ ಕೂತರೆ ಮೇಲಿನ ಅರ್ಧ ತಾನಾಗಿ ಬರುತ್ತದೆ. ಇದು ನಮಗೆ ಅರ್ಥವಾಗಿದ್ದು ಪಾಠ ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ.

ಆಗಿನ ನಮ್ಮ ತೊಡಕು ಉಂಬಳದ್ದು. ತೋಟದ ಕಾಲುದಾರಿಯಲ್ಲಿ ನಡೆದು ಬಂದು ಚಾಪೆಯ ಮೇಲೆ ಕೂತರೆ, ಆದಿತಾಳದ ಒಂದು ಪೆಟ್ಟು, ಮೂರು ಬೆರಳು ಮುಗಿಯುವಷ್ಟರಲ್ಲಿ ಕಾಲು ತುರಿಸುತ್ತದೆ. ಕೈ ತಾಳ ಬಿಟ್ಟು ಕಾಲಿಗೆ ಹೋಗುತ್ತದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಕೇಳುವರು: ‘ಎಷ್ಟನೇ ಅಕ್ಷರದಲ್ಲಿ ಕಚ್ತೋ?’

ಮಳೆಗಾಲದ ಮೃದಂಗದ್ದು ಇನ್ನೊಂದು ಕತೆ. ಥಂಡಿಗೆ ಚರ್ಮ ಸಡಿಲವಾಗಿ ‘ತೋಂ’ ಎನ್ನಬೇಕಾದ್ದು ‘ಬೊದ್’ ಎನ್ನುತ್ತಿತ್ತು. ಆಗ ಅದನ್ನು ಬಚ್ಚಲೊಲೆಯ ಹತ್ತಿರ, ಆರದ ಕಂಬಳಿ, ಯೂನಿಫಾರಂಗಳ ಸಾಲಿನಲ್ಲಿ ಒಣಗಲು ಕೂರಿಸುತ್ತಿದ್ದರು.

ನಮಗೆ ತುಂಬಾ ಹಿಡಿಸಿದ್ದು ಕಟಪಯಾದಿ ಲೆಕ್ಕ. 72 ಮೇಳಕರ್ತ ರಾಗಗಳಲ್ಲಿ ಯಾವುದರ ಹೆಸರಾದರೂ ಸರಿ, ಮೊದಲ ಎರಡು ಅಕ್ಷರಕ್ಕೆ ಅಂಕಿ ಕೊಟ್ಟು ತಿರುವಿ ಓದಿದರೆ ಅದರ ಸಂಖ್ಯೆ ಸಿಗುತ್ತದೆ. ಮಾ 5, ಯಾ 1. ತಿರುವಿದರೆ ಮಾಯಾಮಾಳವಗೌಳ 15. ನಾವು ಇದನ್ನು ಊರುಗಳ ಮೇಲೆ ಪ್ರಯೋಗಿಸಿದೆವು. ಚಿಕ್ಕಮಗಳೂರು 16, ಅಂದರೆ ಚಕ್ರವಾಕ. ಮೂಡಿಗೆರೆ 35, ಶೂಲಿನಿ. ಕಾಫಿ 21, ಕೀರವಾಣಿ. ನಮ್ಮ ಕಳಸ ಮಾತ್ರ 91 ಬಂದು ಪಟ್ಟಿಯಿಂದಲೇ ಆಚೆ ಹೋಯಿತು. ‘ಬಸ್ಸಿಗೇ ಸಿಗದ ಊರು ಮೇಳಕ್ಕೆ ಸಿಗ್ತದಾ?’ ಎಂದರು ಮೇಷ್ಟ್ರು. ಮನೆಯ ಹಿರಿಯರು ಕಾಫಿಯನ್ನು ‘ಕಾಪಿ’ ಎನ್ನುತ್ತಿದ್ದುದರಿಂದ, ಕಾಪಿ ರಾಗ ನಮ್ಮ ತೋಟದಲ್ಲೇ ಹುಟ್ಟಿದ್ದೆಂದು ಒಬ್ಬಳು ಬಹಳ ದಿನ ನಂಬಿದ್ದಳು. ಅದು ಖರಹರಪ್ರಿಯದ ಮಗು ಎಂದು ಗೊತ್ತಾದಾಗ ಅವಳಿಗೆ ನಿಜಕ್ಕೂ ಬೇಸರವಾಯಿತು.

ಸಭೆ, ಕಚೇರಿ ನಮ್ಮ ಕಡೆ ಅಪರೂಪ. ದೊಡ್ಡ ವಿದ್ವಾಂಸರನ್ನು ಕಣ್ಣಾರೆ ಕಾಣಬೇಕಿದ್ದರೆ ಶೃಂಗೇರಿಯ ನವರಾತ್ರಿಗೆ ಹೋಗಬೇಕು. ಉಳಿದಂತೆ 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿಯೇ ನಮ್ಮ ಸಭೆ. ರಾಗದ ಹೆಸರು ಹೇಳುವ ಮೊದಲೇ ಕಂಡುಹಿಡಿಯಬೇಕೆಂಬುದು ಮೇಷ್ಟ್ರ ಕಟ್ಟಪ್ಪಣೆ. ಗುಡುಗಿನ ದಿನ ರೇಡಿಯೋದ ಗೊರಗೊರದ ನಡುವೆ ಒಂದೆರಡು ಸ್ವರ ಕಿವಿಗೆ ಬಿದ್ದರೆ ಅದರ ಮೇಲೇ ರಾಗ ತೀರ್ಮಾನವಾಗುತ್ತಿತ್ತು.

ನಮ್ಮ ಕಿವಿಯನ್ನು ನಿಜಕ್ಕೂ ತಿದ್ದಿದ್ದು ಬಯಲಾಟ. ಮಲೆನಾಡಿನಲ್ಲಿ ಹರಕೆಯ ಆಟ ಆಡುತ್ತ ಬರುವ ಮಂದಾರ್ತಿ ಮೇಳದ ಭಾಗವತರ ಪದ ರಾತ್ರಿಯಿಡೀ ಕೇಳಿದವರು ಸರಳೆಯನ್ನೂ ಚಂಡೆಗೆ ಹೊಂದುವಂತೆ ಏರುದನಿಯಲ್ಲಿ ಕೂಗುತ್ತಿದ್ದೆವು. ಸರ್ಕಾರಿ ಜೂನಿಯರ್ ಪರೀಕ್ಷೆಯಲ್ಲಿ ನಮ್ಮವನೊಬ್ಬ ಹೀಗೆಯೇ ಮಲಹರಿ ಹಾಡಿದ. ಪರೀಕ್ಷಕರು, ಅದು ಯಾವ ಜನಕ ರಾಗದ್ದೆಂದು ತಿಳಿಯಲು, ‘ಯಾವ ಮೇಳ?’ ಎಂದರು.

‘ಮಂದಾರ್ತಿ’ ಎಂದ.

ಪರೀಕ್ಷಕರು ನಕ್ಕು ಪಾಸು ಮಾಡಿದರು. ಉತ್ತರ ತಪ್ಪಲ್ಲವೆಂದು ಅವನು ಇಂದಿಗೂ ವಾದಿಸುತ್ತಾನೆ. ನನಗೂ ಹಾಗೇ ಅನ್ನಿಸುತ್ತದೆ: ಅವನ ಮಲಹರಿ ಬಂದದ್ದು ಅಲ್ಲಿಂದಲೇ ತಾನೆ!

ಆ ಚಾಪೆಯ ಮೇಲೆ ಕೂತ ಹತ್ತು ಮಂದಿಯಲ್ಲಿ ಯಾರೂ ಸೀನಿಯರ್ ದಾಟಿ ವಿದ್ವತ್ ತನಕ ಹೋಗಲಿಲ್ಲ. ಕೆಲವರು ತೋಟಕ್ಕೆ, ಕೆಲವರು ಬೆಂಗಳೂರಿಗೆ, ಇನ್ನು ಕೆಲವರು ನಿಮ್ಮಂತೆ ಕಡಲಾಚೆಗೆ ಹೋದರು. ಹಾಡುಗಾರರಾಗದಿದ್ದರೂ ಹತ್ತೂ ಮಂದಿ ಕಚೇರಿಯಲ್ಲಿ ತನಿಯಾವರ್ತನ ಶುರುವಾದಾಗ ಎದ್ದು ಕಾಫಿಗೆ ಹೋಗದವರಾದರು. ಕಾಫಿ ಸೀಮೆಯವರಿಗೆ ಇದು ಸಣ್ಣ ತ್ಯಾಗವಲ್ಲ.

ನಿಮ್ಮ ಮಕ್ಕಳೀಗ ಶನಿವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ಅದೇ ಮಾಯಾಮಾಳವಗೌಳ ಹಾಡುತ್ತಿರಬಹುದು. ‘ಕೀರ್ತನೆ ಯಾವಾಗ?’ ಎಂದು ಕೇಳಬೇಡಿ. ಪಕ್ಕದಲ್ಲಿ ಕೂತು ತಾಳ ಹಾಕಿ. ತಪ್ಪಿದರೆ ನೆಪ ಹೇಳಲು ಅಲ್ಲಿ ಉಂಬಳವೂ ಇಲ್ಲ.