ಹಾಡುವವ ಹೋದ ಮೇಲೆ ಮೇಳದ ಗತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಮೇಳವಿಲ್ಲದ ಊರು ವಿರಳ. ಒಂದು ಊರಿನಲ್ಲಿ ಕರಡಿ ಮಜಲು, ಇನ್ನೊಂದರಲ್ಲಿ ಡೊಳ್ಳು, ಮತ್ತೊಂದರಲ್ಲಿ ಭಜನೆ, ಮಗದೊಂದರಲ್ಲಿ ಬಯಲಾಟ. ಪುಷ್ಯಮಾಸದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆ ಬಂತೆಂದರೆ ವರ್ಷವಿಡೀ ಗೂಟಕ್ಕೆ ತೂಗಿದ್ದ ವಾದ್ಯಗಳೆಲ್ಲ ಕೆಳಗಿಳಿಯುತ್ತವೆ. ಇಂಥ ಪ್ರತಿಯೊಂದು ಮೇಳಕ್ಕೂ ಒಬ್ಬ ಹಿರಿಯ ಇರುತ್ತಾನೆ. ಹಾಡಿಗೆ ಮೊದಲ ದನಿ ಕೊಡುವವನು ಅವನೇ, ತಾಳ ತಪ್ಪಿದಾಗ ಕಣ್ಣಿನಲ್ಲೇ ಗದರಿಸುವವನೂ ಅವನೇ. ಆ ಹಿರಿಯ ತೀರಿಕೊಂಡ ಮರುವರ್ಷ ಜಾತ್ರೆ ಎದುರಾದಾಗ ಊರಿನ ಕಟ್ಟೆಯ ಮೇಲೆ ಒಂದೇ ಪ್ರಶ್ನೆ: ಈ ಸಲ ಮೇಳ ಹೊರಡುತ್ತದೆಯೋ, ಇಲ್ಲವೋ?

ಈ ಪ್ರಶ್ನೆ ನಮ್ಮ ಹಳ್ಳಿಗಳಿಗಷ್ಟೇ ಸೇರಿದ್ದಲ್ಲ. 1980ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿದ್ದ ಒಂದು ವಾದ್ಯವೃಂದವೂ ಇದೇ ಪ್ರಶ್ನೆಯನ್ನು ಹಾಕಿಕೊಂಡಿತ್ತು. ಅದರ ಹೆಸರು ಎಸಿ/ಡಿಸಿ. ಅದು ನುಡಿಸುತ್ತಿದ್ದ ಸಂಗೀತವನ್ನು ಲೋಕ ‘ಹೆವಿ ಮೆಟಲ್’ ಎಂಬ ಗುಂಪಿಗೆ ಸೇರಿಸುತ್ತದೆ. ಆ ವೃಂದದವರು ಮಾತ್ರ ತಮ್ಮದು ಬರೀ ರಾಕ್ ಅಂಡ್ ರೋಲ್ ಎಂದೇ ಹೇಳಿಕೊಂಡು ಬಂದಿದ್ದಾರೆ.

ಕಾರ್ಖಾನೆಯಲ್ಲಿ ಹುಟ್ಟಿದ ನಾದ

ಹೆವಿ ಮೆಟಲ್ ಎಂದರೆ ಭಾರವಾದ ಲೋಹ. ಈ ಹೆಸರು ಹೇಗೆ ಅಂಟಿತು ಎಂಬ ಬಗ್ಗೆ ಹಲವು ಕಥೆಗಳಿವೆ. ಆದರೆ ಅದರ ಹುಟ್ಟಿಗೂ ನಿಜವಾದ ಲೋಹಕ್ಕೂ ಒಂದು ವಿಚಿತ್ರ ನಂಟಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಲೋಹದ ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಟೋನಿ ಅಯೋಮಿ ಎಂಬ 17 ವರ್ಷದ ಹುಡುಗ, ಕೆಲಸ ಬಿಡಬೇಕಿದ್ದ ಕೊನೆಯ ದಿನವೇ ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕೊಟ್ಟ. ಅವನು ಎಡಚ. ಗಿಟಾರಿನ ತಂತಿಯನ್ನು ಒತ್ತಿ ಹಿಡಿಯುತ್ತಿದ್ದುದು ಆ ಬಲಗೈಯೇ. ಬೆಂಕಿಯಲ್ಲಿ ಕೈಬೆರಳು ಸುಟ್ಟುಕೊಂಡೂ ಗಿಟಾರ್ ಬಿಡದ ಜ್ಯಾಂಗೋ ರೈನ್‌ಹಾರ್ಟ್ ಎಂಬ ಯುರೋಪಿನ ವಾದಕನ ರೆಕಾರ್ಡನ್ನು ಕಾರ್ಖಾನೆಯ ಮೇಸ್ತ್ರಿ ತಂದು ಕೇಳಿಸಿದ. ಹುಡುಗನಿಗೆ ಛಲ ಬಂತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಬಿಗಿಯಾದ ತಂತಿ ನೋಯಿಸುತ್ತಿದ್ದುದರಿಂದ ಮುಂದೆ ತಂತಿಯನ್ನೇ ಸಡಿಲಿಸಿ, ಶ್ರುತಿ ಇಳಿಸಿ ನುಡಿಸತೊಡಗಿದ. ಸಡಿಲ ತಂತಿಯಿಂದ ಹೊರಟದ್ದು ಗಾಢವಾದ, ಮಂದ್ರದ, ಭಾರದ ನಾದ.

1968ರಲ್ಲಿ ಕಟ್ಟಿದ ಅವನ ವೃಂದ ಬ್ಲ್ಯಾಕ್ ಸಬ್ಬತ್. 1970ರ ಫೆಬ್ರವರಿಯಲ್ಲಿ ಬಂದ ಅದರ ಮೊದಲ ಆಲ್ಬಮ್ಮಿನಿಂದಲೇ ಹೆವಿ ಮೆಟಲ್ ಶುರುವಾಯಿತೆಂದು ಹೆಚ್ಚಿನವರು ಹೇಳುತ್ತಾರೆ. ಹೀಗೆ ಈ ಸಂಗೀತದ ಬುಡದಲ್ಲೇ ಒಂದು ಕಳವಳಿಕೆ ಇದೆ. ಇದ್ದುದನ್ನು ಕಳೆದುಕೊಂಡವನು ಉಳಿದುದರಲ್ಲಿ ಹೊಸದನ್ನು ಹುಡುಕಿದ ಕಥೆ ಅದು.

ಇದನ್ನು ಕೇಳಿ ಕಿವಿ ಮುಚ್ಚಿಕೊಳ್ಳುವವರು ಬಹಳ. ಆದರೆ ನಮ್ಮ ಕರಡಿ ಮಜಲನ್ನು ನೆನೆಯಿರಿ. ಕರಡಿ ಎಂದರೆ ಇಲ್ಲಿ ಕಾಡಿನ ಪ್ರಾಣಿಯಲ್ಲ, ಚರ್ಮವಾದ್ಯ. ಕರಡಿ, ಸನಾದಿ, ತಾಳ ಕೂಡಿ ಹೊರಟಾಗ ಅದು ಬರೀ ಕಿವಿಯಲ್ಲಿ ಕೇಳುವ ಸಂಗೀತವಾಗಿರುವುದಿಲ್ಲ, ಎದೆಗೂಡಿಗೇ ಬಡಿಯುತ್ತದೆ. ಮೆಟಲ್ ಸಂಗೀತ ವಿದ್ಯುತ್ತಿನ ಬಲದಿಂದ ಮಾಡುವುದೂ ಅದನ್ನೇ. ನಾದವನ್ನು ಮೈಗೆ ಮುಟ್ಟಿಸುವುದು ಎರಡಕ್ಕೂ ಸಮಾನವಾದ ಗುರಿ.

ಕಪ್ಪು ಹೊದಿಕೆಯ ಆಲ್ಬಮ್

ಎಸಿ/ಡಿಸಿ ಹುಟ್ಟಿದ್ದು 1973ರಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ಕಟ್ಟಿದವರು ಮಾಲ್ಕಂ ಯಂಗ್, ಆಂಗಸ್ ಯಂಗ್ ಎಂಬ ಅಣ್ಣ ತಮ್ಮಂದಿರು. ಅವರ ಮನೆತನ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ವಲಸೆ ಹೋದದ್ದು. ಮರುವರ್ಷ ಬಾನ್ ಸ್ಕಾಟ್ ಎಂಬ ಗಾಯಕ ಸೇರಿದ. ಅವನೂ ಸ್ಕಾಟ್ಲೆಂಡಿನಲ್ಲೇ ಹುಟ್ಟಿದವನು. ಕಿಡಿಗೇಡಿತನವನ್ನು ಹಾಡಿನೊಳಗೆ ತುಂಬಬಲ್ಲ, ಪದ ಕಟ್ಟುವುದರಲ್ಲೂ ಗಟ್ಟಿಗ. ಆರು ವರ್ಷ ಊರೂರು ಅಲೆದ ಮೇಲೆ 1979ರಲ್ಲಿ ಬಂದ ‘ಹೈವೇ ಟು ಹೆಲ್’ ಆಲ್ಬಮ್ ಅವರನ್ನು ಅಮೆರಿಕದಲ್ಲಿ ಹೆಸರುವಾಸಿ ಮಾಡಿತು. ಇನ್ನೇನು ಫಲ ಕೈಗೆ ಬಂತೆನ್ನುವಾಗ, 1980ರ ಫೆಬ್ರವರಿ 19ರಂದು, ರಾತ್ರಿಯ ಕುಡಿತದ ನಂತರ ಕಾರಿನಲ್ಲಿ ಮಲಗಿದ್ದ ಬಾನ್ ಸ್ಕಾಟ್ ಮತ್ತೆ ಏಳಲಿಲ್ಲ. ಆಗ ಅವನ ವಯಸ್ಸು 33.

ಉಳಿದವರು ವೃಂದವನ್ನೇ ಮುಚ್ಚುವ ಯೋಚನೆಯಲ್ಲಿದ್ದರು. ಮುಂದುವರಿಯಿರಿ ಎಂದು ಧೈರ್ಯ ಹೇಳಿದವರಲ್ಲಿ ಸತ್ತ ಗಾಯಕನ ತಂದೆಯೇ ಒಬ್ಬರು. ಮಗನನ್ನು ಕಳೆದುಕೊಂಡ ಹೊತ್ತಿನಲ್ಲಿ ಅಂಥ ಮಾತು ಹೇಳುವುದು ಸುಲಭವಲ್ಲ. ಹುಡುಕಾಟ ಶುರುವಾಯಿತು. ನ್ಯೂಕ್ಯಾಸಲ್ಲಿನ ಬ್ರಯಾನ್ ಜಾನ್ಸನ್ ಅಷ್ಟರಲ್ಲಿ ಹಾಡಿ ಹಾಡಿ ಸೋತು, ಕಾರುಗಳ ರಿಪೇರಿ ಕೆಲಸಕ್ಕೆ ಇಳಿದಿದ್ದವನು. ಅವನ ಹೆಸರು ಈ ವೃಂದಕ್ಕೆ ಹೊಸದಾಗಿರಲಿಲ್ಲ. ಹಿಂದೊಮ್ಮೆ ಅವನ ಹಾಡು ಕೇಳಿ ಮೆಚ್ಚಿ ಮಾತಾಡಿದ್ದವನು ಸಾಕ್ಷಾತ್ ಬಾನ್ ಸ್ಕಾಟ್. ಹೋದವನೇ ತನ್ನ ಉತ್ತರಾಧಿಕಾರಿಯ ಕಡೆ ಬೆರಳು ತೋರಿಸಿ ಹೋದಂತಾಯಿತು.

ಏಪ್ರಿಲ್, ಮೇ ತಿಂಗಳಲ್ಲಿ ಬಹಾಮಾಸ್ ದ್ವೀಪದ ನಸ್ಸಾವಿನಲ್ಲಿ ಧ್ವನಿಮುದ್ರಣ ನಡೆಯಿತು. ನಿರ್ಮಾಪಕ ‘ಮಟ್’ ಲ್ಯಾಂಜ್. ಜುಲೈ 25ರಂದು ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರಬಂತು. ಗಾಯಕ ತೀರಿಕೊಂಡು ಆಗ ಇನ್ನೂ ಅರ್ಧ ವರ್ಷವೂ ತುಂಬಿರಲಿಲ್ಲ. ಹೊದಿಕೆಯೆಲ್ಲ ಕಪ್ಪು, ಅದು ಸೂತಕದ ಗುರುತು. ಮೊದಲ ಹಾಡು ಶುರುವಾಗುವುದು ಗಿಟಾರಿನಿಂದಲ್ಲ, ನಿಧಾನವಾಗಿ ಮೊಳಗುವ ಗಂಟೆಯಿಂದ. ಇಂಗ್ಲೆಂಡಿನ ಲಾಫ್‌ಬರೊ ಪಟ್ಟಣದ ಸ್ಮಾರಕ ಗೋಪುರದ ಗಂಟೆಯನ್ನು ಮುದ್ರಿಸಿಕೊಳ್ಳಲು ಹೋದಾಗ, ಬಾರಿಸಿದ ಕೂಡಲೇ ಒಳಗಿದ್ದ ಹಕ್ಕಿಗಳು ರೆಕ್ಕೆ ಬಡಿದು ಹಾರಿ ಕೆಲಸ ಕೆಟ್ಟಿತಂತೆ. ಕಡೆಗೆ ಅದೇ ಊರಿನ ಎರಕದ ಕಾರ್ಖಾನೆಯಲ್ಲಿ ವೃಂದಕ್ಕಾಗಿಯೇ ಎರೆದ, ಒಂದು ಟನ್ನಿನಷ್ಟು ತೂಕದ ಗಂಟೆಯ ನಾದ ಮುದ್ರಣವಾಯಿತು.

ಗಮನಿಸಬೇಕಾದದ್ದು ಇಲ್ಲಿದೆ. ಶೋಕದ ಆಲ್ಬಮ್ ಎಂದಾಕ್ಷಣ ನಾವು ಎದುರು ನೋಡುವುದು ಅಳುವಿನ ಹಾಡುಗಳನ್ನು. ಇದರಲ್ಲಿ ಅಂಥದ್ದು ಒಂದೂ ಇಲ್ಲ. ಗಂಟೆ ಮೊಳಗಿದ ಮೇಲೆ ಎಲ್ಲವೂ ಹುಮ್ಮಸ್ಸೇ. ಸತ್ತವನು ನಗುನಗುತ್ತ ಬದುಕಿದವನು, ಅವನನ್ನು ನೆನೆಯುವುದೂ ಹಾಗೆಯೇ ಇರಬೇಕು ಎಂಬುದು ಆ ವೃಂದದ ತೀರ್ಮಾನ. ಭಜನೆಯೊಂದಿಗೆ, ಹಲಗೆಯ ಬಡಿತದೊಂದಿಗೆ ಹಿರಿಯರನ್ನು ಕಳಿಸಿಕೊಡುವ ನಮ್ಮ ಸೀಮೆಯವರಿಗೆ ಇದು ಅರ್ಥವಾಗದ ಮಾತೇನಲ್ಲ. ಜಗತ್ತಿನಲ್ಲಿ ಅತ್ಯಧಿಕ ಮಾರಾಟವಾದ ಆಲ್ಬಮ್ಮುಗಳ ಸಾಲಿನಲ್ಲಿ ಇಂದು ಅದರ ಹೆಸರಿದೆ. ಅಂದಾಜು ಐದು ಕೋಟಿ ಪ್ರತಿಗಳೆಂದು ಹೇಳುತ್ತಾರೆ. ಅಮೆರಿಕವೊಂದರಲ್ಲೇ ಎರಡೂವರೆ ಕೋಟಿ ದಾಟಿದ್ದಕ್ಕೆ 2019ರಲ್ಲಿ ಪ್ರಮಾಣಪತ್ರ ಸಿಕ್ಕಿದೆ.

ದನಿಗೆ ಬದಲಿ ಉಂಟೇ?

ತಬಲಾದವನೊಬ್ಬ ಬಿಟ್ಟುಹೋದರೆ ಇನ್ನೊಬ್ಬ ತಬಲಾದವನನ್ನು ಕರೆತರಬಹುದು. ವಾದ್ಯ ಅದೇ, ಬೋಲು ಅವೇ. ಗಾಯಕನ ಮಾತು ಹಾಗಲ್ಲ. ಅವನ ವಾದ್ಯ ಅವನ ಮೈಯೇ. ಅವನೊಂದಿಗೆ ಅದೂ ಹೋಗುತ್ತದೆ. ಆದ್ದರಿಂದ ಉಳಿದವರ ಮುಂದೆ ಎರಡು ದಾರಿ. ಹೋದವನಂತೆಯೇ ಹಾಡುವವನನ್ನು ತರುವುದು ಒಂದು, ಹೊಸ ದನಿಗೆ ತಕ್ಕಂತೆ ಹಾಡನ್ನೇ ಬದಲಿಸುವುದು ಇನ್ನೊಂದು. ಗೆದ್ದವರು ಬಹುಮಟ್ಟಿಗೆ ಎರಡನೆಯ ದಾರಿ ಹಿಡಿದವರು. ಬಾನ್ ಸ್ಕಾಟ್ ಕಥೆ ಹೇಳುವವನಂತೆ ತುಂಟದನಿಯಲ್ಲಿ ಹಾಡುತ್ತಿದ್ದ. ಜಾನ್ಸನ್ನನದು ತಾರಸ್ಥಾಯಿಯ ಗೊಗ್ಗರು ಕೂಗು. ಇಬ್ಬರನ್ನೂ ಕೇಳಿದವರಿಗೆ ಒಬ್ಬನನ್ನು ಇನ್ನೊಬ್ಬನೆಂದು ಭ್ರಮಿಸಲು ಸಾಧ್ಯವಿಲ್ಲ.

ಅದೇ 1980ರಲ್ಲಿ ಬ್ಲ್ಯಾಕ್ ಸಬ್ಬತ್ತಿಗೂ ಈ ಪರೀಕ್ಷೆ ಒದಗಿತು. ಗಾಯಕ ಆಜಿ ಆಸ್ಬರ್ನ್‌ನನ್ನು 1979ರಲ್ಲಿ ಹೊರಹಾಕಿ, ರಾನಿ ಜೇಮ್ಸ್ ಡಿಯೋನನ್ನು ಕರೆತಂದರು. ಆಜಿ ಗಿಟಾರಿನ ಪಲುಕನ್ನು ಹಿಂಬಾಲಿಸಿ ಹಾಡುತ್ತಿದ್ದ. ಡಿಯೋ ಗಿಟಾರು ಒಂದು ಕಡೆ ಹೋದರೆ ತಾನೊಂದು ಕಡೆ ಹೋಗಿ, ಕೊನೆಗೆ ಕೂಡಿಕೊಳ್ಳುತ್ತಿದ್ದ. ‘ಹೆವನ್ ಅಂಡ್ ಹೆಲ್’ ಆಲ್ಬಮ್ಮಿನಲ್ಲಿ ಇಡೀ ವೃಂದದ ನಡೆಯೇ ಬದಲಾಯಿತು. ಆಜಿ ಹಳೆಯ ಸಂಗಡಿಗರೊಂದಿಗೆ ಕೊನೆಯ ಸಲ ಬರ್ಮಿಂಗ್‌ಹ್ಯಾಮಿನಲ್ಲಿ ಹಾಡಿದ್ದು 2025ರ ಜುಲೈ 5ರಂದು. ಅದೇ ತಿಂಗಳ 22ರಂದು ಅವನೂ ತೀರಿಕೊಂಡ.

ಎಲ್ಲರೂ ಹೀಗೆ ದಾಟಲಿಲ್ಲ. ಮೆಟಾಲಿಕಾ ವೃಂದದ ಬಾಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ಸತ್ತ. ಅವನಿಗೆ 24 ವರ್ಷ. ಉಳಿದವರು ಅಳಲೂ ಪುರುಸೊತ್ತು ಮಾಡಿಕೊಳ್ಳದೆ ಜೇಸನ್ ನ್ಯೂಸ್ಟೆಡ್‌ನನ್ನು ಸೇರಿಸಿಕೊಂಡರು. 1988ರಲ್ಲಿ ಬಂದ ಆಲ್ಬಮ್ ಜನಪ್ರಿಯವಾಯಿತು, ನಿಜ. ಆದರೆ ಅದರಲ್ಲಿ ಹೊಸಬನ ವಾದ್ಯ ಕೇಳುವುದೇ ಇಲ್ಲ ಎನ್ನುವಷ್ಟು ತಗ್ಗಿಸಿಬಿಟ್ಟಿದ್ದಾರೆ. ಅವನನ್ನು ಮೇಳಕ್ಕೆ ಸೇರಿಸಿಕೊಂಡರು, ಆದರೆ ಅವನಿಗೆ ಜಾಗ ಬಿಡಲಿಲ್ಲ. 2001ರಲ್ಲಿ ಅವನು ಹೊರಟೇಹೋದ. ಸತ್ತವನ ಪೀಠ ಖಾಲಿಯಿಟ್ಟು ಬದುಕಿರುವವನನ್ನು ನೆಲದಲ್ಲಿ ಕೂರಿಸಿದರೆ ಆಗುವುದು ಇದೇ.

ಈ ಸಂಗೀತ ನಮಗೆ ದೂರದ್ದಾಗಿಯೂ ಉಳಿದಿಲ್ಲ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದವು. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕ್ರಿಪ್ಟೋಸ್ ಎಂಬ ವೃಂದ, ಸದಸ್ಯರು ಬದಲಾದರೂ ನಿಲ್ಲದೆ ಆಲ್ಬಮ್‌ಗಳನ್ನು ತರುತ್ತ ಯುರೋಪಿನ ಮೆಟಲ್ ಉತ್ಸವಗಳವರೆಗೂ ಹೋಗಿಬಂದಿದೆ.

ಗದಗಿನ ಉದಾಹರಣೆ

ಗುರುವನ್ನು ಕಳೆದುಕೊಂಡೂ ಬಾಳಿದ ಮೇಳಕ್ಕೆ ಉದಾಹರಣೆ ಬೇಕೆಂದರೆ ಬರ್ಮಿಂಗ್‌ಹ್ಯಾಮಿನವರೆಗೆ ಹೋಗಬೇಕಾಗಿಲ್ಲ. ಕೊಪ್ಪಳದ ಪಕ್ಕದಲ್ಲೇ ಗದಗಿದೆ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳು ಸ್ವತಃ ಅಂಧರು. ಅಂಧ, ಅನಾಥ ಮಕ್ಕಳಿಗೆ ಅನ್ನವಿಕ್ಕಿ ಸಂಗೀತ ಕಲಿಸುತ್ತ ಊರೂರು ಅಲೆದವರು. ಬಸವರಾಜ ರಾಜಗುರು ಅವರಂಥ ಗಾಯಕರು ಅವರ ಕೈಯಲ್ಲಿ ತಯಾರಾದರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಮುಂದೆಯೂ ಇದ್ದದ್ದು ಅದೇ ಪ್ರಶ್ನೆ. ಅದು ಬರೀ ಹಾಡಿನ ಪ್ರಶ್ನೆಯೂ ಆಗಿರಲಿಲ್ಲ, ಮಕ್ಕಳ ಊಟದ ಪ್ರಶ್ನೆಯಾಗಿತ್ತು.

ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿದ ಅವರಿಗೆ ಆಗ ಮೂವತ್ತರ ಪ್ರಾಯ. ಅವರಿಗೂ ಕಣ್ಣಿರಲಿಲ್ಲ. ಅವರು ಗುರುವಿನ ನೆರಳಾಗಿ ಉಳಿಯಲಿಲ್ಲ. ಹಾಡಿಕೆಯ ಜೊತೆಗೆ ಹಲವು ವಾದ್ಯಗಳನ್ನು ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು, ಆಶ್ರಮದ ನಾಟಕ ಸಂಘಕ್ಕೆ ನಾಟಕಗಳನ್ನು ರಚಿಸಿಕೊಟ್ಟರು. ಆ ಸಂಘದ ನಾಟಕಗಳ ಗಳಿಕೆ ಆಶ್ರಮದ ಮಕ್ಕಳ ಅನ್ನವಾಯಿತು. 2010ರಲ್ಲಿ ಪದ್ಮಭೂಷಣ ಬಂದ ವರ್ಷವೇ ಅವರು ತೀರಿಕೊಂಡರು. ಆಗಲೂ ಆಶ್ರಮ ಬಾಗಿಲು ಹಾಕಲಿಲ್ಲ.

ರಾಕ್ ವೃಂದವೆಲ್ಲಿ, ಪುಣ್ಯಾಶ್ರಮವೆಲ್ಲಿ ಎಂದು ಕೆಲವರಿಗೆ ಅನಿಸಬಹುದು. ಆಚಾರದಲ್ಲಿ, ಉದ್ದೇಶದಲ್ಲಿ ಎರಡಕ್ಕೂ ಅಜಗಜಾಂತರ. ಆದರೆ ಕಸುಬಿನ ನಿಯಮ ಒಂದೇ. ಹಿಂದಿನವರು ಕಟ್ಟಿದ್ದು ತಮ್ಮ ಒಬ್ಬರ ಕಂಠದ ಮೇಲೆ ಮಾತ್ರ ನಿಂತಿದ್ದರೆ ಅದು ಅವರೊಂದಿಗೇ ಹೋಗುತ್ತದೆ. ಕಲಿಸಿದ್ದರೆ, ಮುಂದಿನವನನ್ನು ಗುರುತಿಸಿದ್ದರೆ, ಬಂದವನಿಗೆ ತನ್ನದೇ ದನಿಯಲ್ಲಿ ಹಾಡಲು ಬಿಟ್ಟಿದ್ದರೆ ಅದು ಉಳಿಯುತ್ತದೆ.

ಎಸಿ/ಡಿಸಿ ಎರಡನೆಯ ಸಲವೂ ಈ ಪರೀಕ್ಷೆ ಎದುರಿಸಿತು. ವೃಂದದ ಬೆನ್ನೆಲುಬಾಗಿದ್ದ ಮಾಲ್ಕಂ ಯಂಗ್ ಮರೆವಿನ ಕಾಯಿಲೆಗೆ ಸಿಕ್ಕಿ, ತಾನೇ ಕಟ್ಟಿದ ಹಾಡುಗಳನ್ನು ಮರೆಯತೊಡಗಿ, 2017ರಲ್ಲಿ ತೀರಿಕೊಂಡ. ಅದಕ್ಕೂ ಮೊದಲೇ, 2016ರಲ್ಲಿ, ಜಾನ್ಸನ್ ಕಿವಿಯ ತೊಂದರೆಯಿಂದ ವೇದಿಕೆ ಬಿಟ್ಟಿದ್ದ. ಎಲ್ಲ ಮುಗಿಯಿತೆಂದುಕೊಂಡಾಗ 2020ರ ನವೆಂಬರಿನಲ್ಲಿ ‘ಪವರ್ ಅಪ್’ ಬಂತು. ಜಾನ್ಸನ್ ಮರಳಿದ್ದ. ಮಾಲ್ಕಂನ ಜಾಗದಲ್ಲಿ ಗಿಟಾರ್ ಹಿಡಿದವನು ಅಣ್ಣನ ಮಗ ಸ್ಟೀವಿ ಯಂಗ್. ಹಾಡುಗಳೋ, ಅಣ್ಣ ತಮ್ಮ ಹಿಂದೆ ಕೂಡಿ ಕಟ್ಟಿಟ್ಟಿದ್ದ ತುಣುಕುಗಳಿಂದ ಬೆಳೆದವು. ಹೋದವನ ಹೆಸರು ಪ್ರತಿ ಹಾಡಿನ ಕೆಳಗೂ ಇದೆ.

ಇದನ್ನೆಲ್ಲ ಇಲ್ಲಿ ಹೇಳಲು ಕಾರಣವಿದೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆಯಾಟದ ಹಿರಿಯಜ್ಜಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಪ್ರಶಸ್ತಿ ಬರುವ ಹೊತ್ತಿಗೆ ಅವರ ವಯಸ್ಸು ತೊಂಬತ್ತು ದಾಟಿತ್ತು. ಪರದೆಯ ಹಿಂದೆ ದೀಪವಿಟ್ಟು, ಗೊಂಬೆ ಕುಣಿಸಿ, ಹಾಡಿ, ಮಾತಾಡಿ ರಾಮಾಯಣ ಮಹಾಭಾರತಗಳನ್ನು ಕಟ್ಟಿಕೊಡುವ ಆ ವಿದ್ಯೆಯೂ ಒಂದು ಮೇಳವೇ. ಹಿರಿಯರಿಗೆ ಶಾಲು ಹೊದಿಸಿದರೆ ನಮ್ಮ ಕೆಲಸ ಅರ್ಧವಷ್ಟೇ ಮುಗಿದಂತೆ. ಅವರ ಪಕ್ಕದಲ್ಲಿ ಕುಳಿತು ಕಲಿಯುವವರು ಯಾರು, ಕಲಿತವರಿಗೆ ಹೊಟ್ಟೆ ತುಂಬುವುದು ಹೇಗೆ, ಅವರು ಒಂದಿಷ್ಟು ಬೇರೆ ಥರ ಹಾಡಿದರೆ ಕೇಳುವ ತಾಳ್ಮೆ ನಮಗಿದೆಯೇ ಎಂಬುದು ಉಳಿದರ್ಧ.

ಮುಂದಿನ ಜಾತ್ರೆಯಲ್ಲಿ ನಿಮ್ಮೂರಿನ ಮೇಳದ ಮುಂದೆ ಹೊಸ ಹುಡುಗನೊಬ್ಬ ನಿಂತು, ಹಿರಿಯನ ದನಿಯಂತಿಲ್ಲದ ದನಿಯಲ್ಲಿ ಮೊದಲ ಪದ ಎತ್ತಬಹುದು. ‘ಅವರ ಕಾಲದಾಗ ಹಿಂಗ ಇರಲಿಲ್ಲ’ ಎಂದು ಎದ್ದು ಹೋಗುವ ಮೊದಲು ಒಂದು ಪದದಷ್ಟು ಹೊತ್ತು ಕುಳಿತು ಕೇಳಿ. ಆ ಹಿರಿಯನೂ ಯಾರೋ ಒಬ್ಬರು ಹೋದ ಮರುವರ್ಷವೇ ಹಾಡಲು ನಿಂತವನು.